ಬಿಲ್ಲಿನ ಅಡಿಯ ಸಾಲಿಗೆ ಎಷ್ಟು ಬೆಲೆ?

ಬಟ್ಟೆ ಅಂಗಡಿಯ ಬಿಲ್ಲಿನ ಕೆಳತುದಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಅದರ ಪಕ್ಕದಲ್ಲೇ ‘ಬಣ್ಣಕ್ಕೆ, ಜರಿಗೆ ಗ್ಯಾರಂಟಿ ಇಲ್ಲ’ ಎಂಬ ಇನ್ನೊಂದು. ಡ್ರೈ ಕ್ಲೀನಿಂಗ್ ರಶೀದಿಯ ಹಿಂಬದಿಯಲ್ಲಿ ‘ಬಟ್ಟೆ ಕಳೆದರೆ, ಹಾಳಾದರೆ ನಾವು ಹೊಣೆಯಲ್ಲ’ ಎಂದಿರುತ್ತದೆ. ಪಾರ್ಕಿಂಗ್ ಟೋಕನ್ ಮೇಲೆ ‘ವಾಹನದ ಜವಾಬ್ದಾರಿ ಮಾಲೀಕರದೇ’ ಎಂದು. ಇವನ್ನು ಅಚ್ಚು ಹಾಕಿಸಿದವರು ಇದೇ ಕಾನೂನು ಎಂದು ನಂಬಿರುತ್ತಾರೆ. ಅದಕ್ಕಿಂತ ಚಿಂತೆಯ ಸಂಗತಿಯೆಂದರೆ ಕೊಳ್ಳುವವರೂ ಹಾಗೆಯೇ ನಂಬಿದ್ದಾರೆ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ಸೆರಗಿಗೆಲ್ಲ ಕಲೆಯಾದ ಸೀರೆ ಹಿಡಿದು ಅಂಗಡಿಗೆ ಹೋದವರು, ಮಾಲೀಕರು ಬಿಲ್ಲಿನ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ ಕೂಡಲೇ ‘ಹೌದಲ್ಲ, ಬರೆದಿದ್ದಾರೆ’ ಎಂದು ಸುಮ್ಮನೆ ಹಿಂದಿರುಗುತ್ತಾರೆ. ಅಚ್ಚಾಗಿದ್ದರೆ ಒಪ್ಪಿದಂತೆ, ಒಪ್ಪಿದ ಮೇಲೆ ಕೇಳುವಂತಿಲ್ಲ ಎಂಬ ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಬೇರೆ ಬೇರೆಯಾಗಿ ನೋಡಬೇಕಾದ ಮೂರು ಪ್ರಶ್ನೆಗಳನ್ನು ಅದು ಒಂದೇ ಎಂದು ಎಣಿಸಿದೆ. ಆ ಗೊಂದಲದ ನಷ್ಟವೆಲ್ಲ ಬೀಳುತ್ತಿರುವುದು ಕೊಳ್ಳುವವರ ತಲೆಯ ಮೇಲೆ.

ಈ ನಂಬಿಕೆಯ ಪರವಾದ ವಾದವನ್ನು ಮೊದಲು ಅದರ ಪೂರ್ಣ ಬಲದೊಂದಿಗೆ ಮುಂದಿಡುವುದೇ ನ್ಯಾಯ. ವ್ಯಾಪಾರ ನಿಂತಿರುವುದು ಕರಾರಿನ ಮೇಲೆ. ತಿಳಿವಳಿಕೆಯುಳ್ಳ ಇಬ್ಬರು ತಮ್ಮ ತಮ್ಮಲ್ಲಿ ಏನು ಒಪ್ಪಿಕೊಂಡರೋ ಅದಕ್ಕೆ ಇಬ್ಬರೂ ಬದ್ಧರು. ಕಾಗದಕ್ಕೆ ಸಹಿ ಹಾಕಿ, ಆಮೇಲೆ ‘ನಾನು ಓದಿರಲಿಲ್ಲ’ ಎನ್ನುವವರ ಮಾತಿಗೆ ನ್ಯಾಯಾಲಯ ಕಿವಿಗೊಟ್ಟರೆ ಯಾವ ದಸ್ತಾವೇಜಿಗೂ ಬೆಲೆ ಉಳಿಯದು. 1934ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹೀಗೆಯೇ ಹೇಳಿತು. ಕೆಫೆ ನಡೆಸುತ್ತಿದ್ದ ಮಹಿಳೆಯೊಬ್ಬರು ಸಿಗರೇಟು ಮಾರುವ ಯಂತ್ರವೊಂದನ್ನು ಕೊಂಡಿದ್ದರು. ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತು. ಸಣ್ಣ ಅಕ್ಷರಗಳ ಕರಾರಿನಲ್ಲಿ ಕಂಪನಿ ತನ್ನ ಹೊಣೆಯನ್ನೆಲ್ಲ ಕಳಚಿಕೊಂಡಿತ್ತು. ಸಹಿ ಇದೆ, ಓದಿದರೋ ಬಿಟ್ಟರೋ ಅದು ಮುಖ್ಯವಲ್ಲ ಎಂದು ತೀರ್ಪಾಯಿತು. ನಮ್ಮಲ್ಲೂ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ, ಮಾಲಿನ ಗುಣಮಟ್ಟದ ಬಗ್ಗೆ ಮಾರುವವರು ತಾವಾಗಿ ಭರವಸೆ ಕೊಟ್ಟಂತಾಗುವುದಿಲ್ಲ ಎಂಬ ಸಾಮಾನ್ಯ ನಿಯಮದಿಂದಲೇ ಆರಂಭವಾಗುತ್ತದೆ. ಗ್ರಾಹಕರ ರಕ್ಷಣೆ ಬರುವುದು ಅದಕ್ಕೆ ಕೊಟ್ಟ ವಿನಾಯಿತಿಗಳಲ್ಲಿ. ಆ ವಿನಾಯಿತಿಗಳನ್ನೂ ಸ್ಪಷ್ಟ ಒಪ್ಪಂದದ ಮೂಲಕ ಬದಿಗಿಡಬಹುದು ಎನ್ನುತ್ತದೆ ಅದೇ ಕಾಯ್ದೆಯ 62ನೇ ಕಲಂ. ಇನ್ನು, ಕೊರಿಯರ್ ಚೀಟಿಯಲ್ಲಿ 100 ಡಾಲರಿಗೆ ಮಿತಿಗೊಳಿಸಿದ್ದ ಹೊಣೆಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿದಿದೆ. ಭಾರತಿ ನಿಟ್ಟಿಂಗ್ ಕಂಪನಿ ಕಳಿಸಿದ್ದ ಲಕೋಟೆ ಜರ್ಮನಿ ತಲುಪದೆ ಹೋದ ಆ ಪ್ರಕರಣದಲ್ಲಿ ರಾಜ್ಯ ಗ್ರಾಹಕ ಆಯೋಗ ಲಕ್ಷಗಳಲ್ಲಿ ಪರಿಹಾರ ಕೊಟ್ಟಿತ್ತು. ಸಹಿ ಹಾಕಿದ ಷರತ್ತಿಗೆ ಕಳಿಸಿದವರು ಬದ್ಧರು ಎಂದು ಮೇಲಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬಿಲ್ಲಿನ ಸಾಲನ್ನು ನಂಬುವ ಅಂಗಡಿಯವರ ಬೆನ್ನಿಗೆ ಇಷ್ಟು ಗಟ್ಟಿಯಾದ ಕಾನೂನು ಇದೆ.

ಹಾಗಿದ್ದರೆ ಗೊಂದಲ ಎಲ್ಲಿದೆ? ಈ ವಾದದ ಪ್ರತಿ ಹೆಜ್ಜೆಯೂ ‘ಒಪ್ಪಿಗೆ ಇತ್ತು’ ಎಂಬ ಒಂದೇ ಆಧಾರದ ಮೇಲೆ ನಿಂತಿದೆ. ಒಪ್ಪಿಗೆ ಇತ್ತೇ ಎಂಬುದನ್ನು ತೀರ್ಮಾನಿಸಲು ಮೂರು ಪ್ರಶ್ನೆ ಕೇಳಬೇಕು. ಒಂದು, ಷರತ್ತು ಗ್ರಾಹಕರಿಗೆ ತಿಳಿದದ್ದು ಯಾವಾಗ? ಎರಡು, ತಿಳಿದ ಮೇಲೂ ಬೇಡ ಎನ್ನುವ ಅವಕಾಶ ಅವರಿಗಿತ್ತೇ? ಮೂರು, ನಿಜವಾಗಿಯೇ ಒಪ್ಪಿದರೂ, ಒಪ್ಪಿಗೆಯಿಂದ ಬಿಟ್ಟುಕೊಡಲಾಗದ ಹಕ್ಕು ಅದರಲ್ಲಿ ಸೇರಿದೆಯೇ? ‘ಅಚ್ಚಾಗಿದೆ’ ಎಂಬ ಒಂದು ಸಂಗತಿ ಈ ಮೂರರಲ್ಲಿ ಒಂದಕ್ಕೂ ಉತ್ತರವಲ್ಲ.

ಮೊದಲನೆಯದನ್ನು ಅಂಗಡಿಯ ಗಲ್ಲಾದ ಬಳಿ ನಿಂತೇ ನೋಡಬಹುದು. ಗ್ರಾಹಕರು ಸೀರೆ ಆರಿಸುತ್ತಾರೆ, ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ, ‘ಸರಿ, ಕಟ್ಟಿ’ ಎನ್ನುತ್ತಾರೆ. ಹುಡುಗ ಸೀರೆ ಮಡಿಸಿ ಕವರಿಗೆ ಹಾಕುತ್ತಾನೆ. ಹಣ ಗಲ್ಲಾ ಸೇರುತ್ತದೆ. ಅದಾದ ಮೇಲೆ ಯಂತ್ರದಿಂದ ಬಿಲ್ಲು ಹೊರಬರುತ್ತದೆ. ಮಾರುತ್ತೇನೆ ಎಂದ ಮಾತಿಗೆ ಕೊಳ್ಳುತ್ತೇನೆ ಎಂಬ ಮಾತು ಸೇರಿದ ಗಳಿಗೆಯಲ್ಲೇ ಕರಾರು ಮುಗಿದಿತ್ತು. ಬಿಲ್ಲು ಆ ಕರಾರಿನ ದಾಖಲೆಯಷ್ಟೇ. ಮುಗಿದ ಕರಾರಿಗೆ ಒಬ್ಬರೇ ಕೂತು ಹೊಸ ಷರತ್ತು ಸೇರಿಸುವಂತಿಲ್ಲ. ಹಾಗೆ ಸೇರಿಸಲು ಸಾಧ್ಯವಿದ್ದರೆ ಗ್ರಾಹಕರೂ ಮನೆಗೆ ಹೋಗಿ ಒಂದು ಚೀಟಿಯಲ್ಲಿ ‘ಇಷ್ಟವಾಗದಿದ್ದರೆ ಹಣ ವಾಪಸ್’ ಎಂದು ಬರೆದು ಅಂಗಡಿಗೆ ಅಂಚೆಯಲ್ಲಿ ಕಳಿಸಬಹುದಿತ್ತು. ಅದಕ್ಕೆ ಅಂಗಡಿಯವರು ಬದ್ಧರಾಗುವುದಿಲ್ಲ ಎಂದಾದರೆ, ಬಿಲ್ಲಿನ ಸಾಲಿಗೆ ಗ್ರಾಹಕರು ಬದ್ಧರಾಗಲು ಕಾರಣವೇ ಇಲ್ಲ. 62ನೇ ಕಲಂ ಕೇಳುವುದೂ ಒಪ್ಪಂದವನ್ನೇ. ಒಂದು ಕಡೆಯವರ ಪ್ರಕಟಣೆಯನ್ನಲ್ಲ.

ಹೊತ್ತಿನ ಈ ಪ್ರಶ್ನೆ ಎಷ್ಟು ದೂರ ಸಾಗುತ್ತದೆ ಎಂಬುದಕ್ಕೆ ಕೈಚೀಲದ ಪ್ರಕರಣಗಳು ಒಳ್ಳೆಯ ಉದಾಹರಣೆ. 2019ರಲ್ಲಿ ಚಂಡೀಗಢದ ಗ್ರಾಹಕರೊಬ್ಬರು ಬಾಟಾ ಮಳಿಗೆಯಲ್ಲಿ ಶೂ ಕೊಂಡಾಗ ಕಾಗದದ ಚೀಲಕ್ಕೆ 3 ರೂಪಾಯಿ ಸೇರಿಸಿ ಬಿಲ್ಲು ಮಾಡಲಾಗಿತ್ತು. ಜಿಲ್ಲಾ ಗ್ರಾಹಕ ವೇದಿಕೆ ಅದನ್ನು ತಪ್ಪೆಂದು ಹೇಳಿ ದಂಡ ಸಹಿತ ಪರಿಹಾರಕ್ಕೆ ಆದೇಶಿಸಿತು. ಮೂರು ರೂಪಾಯಿಗೆ ಇಷ್ಟೊಂದು ರಂಪವೇ ಎಂದು ಆಗ ಅನೇಕರು ಕೇಳಿದರು. ಬಿಗ್ ಬಜಾರ್ ಮಳಿಗೆಗಳ ಕುರಿತ ಇಂಥದೇ ಮೊಕದ್ದಮೆಗಳಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಕೊಟ್ಟ ಆದೇಶ ಆ ಪ್ರಶ್ನೆಗೆ ಉತ್ತರದಂತಿದೆ. ಚೀಲಕ್ಕೆ ಹಣ ಪಡೆಯಲೇಬಾರದು ಎಂಬುದು ಅದರ ತಿರುಳಲ್ಲ. ಸಾಮಾನೆಲ್ಲ ಆರಿಸಿ, ಸರದಿಯಲ್ಲಿ ನಿಂತು, ಹಣ ಕೊಡುವ ಹೊತ್ತಿನಲ್ಲಿ ಮೊದಲ ಬಾರಿಗೆ ಈ ವಿಷಯ ಹೇಳಿದ್ದೇ ತಪ್ಪು. ಯಾವ ಅಂಗಡಿಗೆ ಹೋಗಬೇಕು, ಏನು ಕೊಳ್ಳಬೇಕು ಎಂದು ತೀರ್ಮಾನಿಸುವ ಮೊದಲೇ ಗ್ರಾಹಕರಿಗೆ ಅದು ಗೊತ್ತಿರಬೇಕಿತ್ತು. ಮೊತ್ತ ಸಣ್ಣದು, ಅದರ ಹಿಂದಿನ ತತ್ತ್ವ ಸಣ್ಣದಲ್ಲ. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲಿ ಬಂದ ನಿಯಮಗಳು ಇದನ್ನೇ ಇನ್ನೊಂದು ರೂಪದಲ್ಲಿ ಹೇಳುತ್ತವೆ: ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಗ್ರಾಹಕರ ಸಮ್ಮತಿ ಎಂದು ಎಣಿಸುವಂತಿಲ್ಲ; ಗ್ರಾಹಕರು ತಾವೇ ಮುಂದಾಗಿ ಸ್ಪಷ್ಟವಾಗಿ ಒಪ್ಪಿರಬೇಕು.

ಇನ್ನು ಎರಡನೆಯ ಪ್ರಶ್ನೆ. ಮೊದಲೇ ತಿಳಿಸಿದರೆ ಸಾಕೇ? ಗೋಡೆಯ ಮೇಲೆ ದೊಡ್ಡ ಬೋರ್ಡು ಹಾಕಿದರೆ, ಐವತ್ತು ಪುಟದ ಕರಾರಿನ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಪಕ್ಕಾ ಆಯಿತೇ? ಇಲ್ಲಿ ಫ್ಲಾಟ್ ಖರೀದಿದಾರರ ಅನುಭವಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಸಿಗದು. ಪಯೊನೀರ್ ಅರ್ಬನ್ ಎಂಬ ಕಟ್ಟಡ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಕರಾರನ್ನೇ ನೋಡಬಹುದು. ಖರೀದಿದಾರರು ಕಂತು ಕಟ್ಟಲು ತಡಮಾಡಿದರೆ ವರ್ಷಕ್ಕೆ ಶೇ 18ರ ಬಡ್ಡಿ ತೆರಬೇಕು. ಕಟ್ಟಡ ಕಟ್ಟುವವರು ಮನೆ ಕೊಡಲು ತಡಮಾಡಿದರೆ? ಹೆಚ್ಚುವರಿ ಗಡುವು ಮುಗಿದ ಮೇಲೂ ಹನ್ನೆರಡು ತಿಂಗಳು ಕಾಯಬೇಕು, ಆಮೇಲೆ ನೋಟಿಸ್ ಕೊಡಬೇಕು, ಮತ್ತೆ 90 ದಿನ ಕಾಯಬೇಕು, ಆಗ ಕಟ್ಟಿದ ಹಣ ವಾಪಸ್; ಅದೂ ತಡವಾದರೆ ಮಾತ್ರ ಶೇ 9ರ ಬಡ್ಡಿ. ಒಂದೇ ತಪ್ಪಿಗೆ ಎರಡು ದರ. ಖರೀದಿದಾರರು ಇದನ್ನು ಓದಿಯೇ ಸಹಿ ಹಾಕಿರಬಹುದು. ಓದಿ ಮಾಡುವುದೇನು? ಷರತ್ತು ತಿದ್ದಿಸುವ ಶಕ್ತಿ ಅವರಿಗಿರಲಿಲ್ಲ; ಚುಕ್ಕಿ ಗೆರೆಯ ಮೇಲೆ ಸಹಿ ಹಾಕುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಂಥ ಷರತ್ತು ಖರೀದಿದಾರರನ್ನು ಕಟ್ಟಿಹಾಕದು, ಇದನ್ನು ಕರಾರಿನಲ್ಲಿ ಸೇರಿಸುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿತು.

ಮರುವರ್ಷ ಬೆಂಗಳೂರಿನದೇ ಇಂಥ ಪ್ರಶ್ನೆಗೂ ಸುಪ್ರೀಂ ಕೋರ್ಟಿನಿಂದ ಉತ್ತರ ಬಂತು. ಬೇಗೂರಿನ ಡಿಎಲ್‌ಎಫ್ ವಸತಿ ಸಮುಚ್ಚಯದ 339 ಖರೀದಿದಾರರ ಕರಾರಿನಲ್ಲಿ, ಮನೆ ತಡವಾದರೆ ಚದರ ಅಡಿಗೆ ತಿಂಗಳಿಗೆ 5 ರೂಪಾಯಿ ಪರಿಹಾರ ಎಂದಿತ್ತು. 1,500 ಚದರ ಅಡಿಯ ಫ್ಲಾಟಿಗೆ ತಿಂಗಳಿಗೆ 7,500 ರೂಪಾಯಿ. ಗೃಹಸಾಲದ ಕಂತು ಒಂದು ಕಡೆ, ಬಾಡಿಗೆ ಮನೆಯ ಖರ್ಚು ಇನ್ನೊಂದು ಕಡೆ ಹೊತ್ತ ಕುಟುಂಬಕ್ಕೆ ಅದು ಏನೂ ಸಾಲದು. ರಾಷ್ಟ್ರೀಯ ಆಯೋಗ ಬಿಲ್ಲಿನ ಸಾಲಿನ ತರ್ಕವನ್ನೇ ಹಿಡಿಯಿತು: ಸಹಿ ಹಾಕಿದ್ದೀರಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿ, ಕರಾರಿನಲ್ಲಿದ್ದ ಐದು ರೂಪಾಯಿಯ ಜೊತೆಗೆ, ಖರೀದಿದಾರರು ಕಟ್ಟಿದ ಹಣಕ್ಕೆ ತಡವಾದ ಅವಧಿಗೆ ಶೇ 6ರ ಬಡ್ಡಿಯನ್ನೂ ಕೊಡಿಸಿತು. ನ್ಯಾಯಾಲಯ ಕರಾರನ್ನು ಹರಿದು ಎಸೆಯಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಕಡೆಯವರೇ ಬರೆದ ಪರಿಹಾರದ ಮೊತ್ತ ಪರಿಹಾರದ ಗರಿಷ್ಠ ಮಿತಿಯಾಗದು ಎಂದಷ್ಟೇ ಹೇಳಿತು.

ಹೋಟೆಲುಗಳ ಸೇವಾ ಶುಲ್ಕದ ವಿವಾದವೂ ಇದೇ ಜಾತಿಯದು. ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ರೆಸ್ಟೋರೆಂಟ್ ಸಂಘಗಳ ಉತ್ತರ ಹೀಗಿತ್ತು: ಮೆನು ಕಾರ್ಡಿನಲ್ಲಿ ನಮೂದಿಸಿದ್ದೇವೆ, ಓದಿಯೂ ತಿಂಡಿ ತರಿಸಿಕೊಂಡರೆ ಒಪ್ಪಿದಂತೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಇದನ್ನು ಒಪ್ಪದೆ, ಕಡ್ಡಾಯವಾಗಿ ವಸೂಲು ಮಾಡುವುದು ಕಾನೂನಿಗೆ ವಿರುದ್ಧ, ಟಿಪ್ಸ್ ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದರ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆ. ಕೊನೆಯ ಮಾತು ಇನ್ನೂ ಬರಬೇಕಿದೆ. ಇಡ್ಲಿಯ ಬೆಲೆಯನ್ನೇ ಹೆಚ್ಚಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬೆಲೆಯ ಕಾಲಮ್ಮಿನಲ್ಲಿ ಒಂದು ಮೊತ್ತ ತೋರಿಸಿ ಕೊನೆಗೆ ಇನ್ನೊಂದನ್ನು ಕೇಳುವುದಕ್ಕೇ ಆಕ್ಷೇಪ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಆಳವಾದದ್ದು. ಷರತ್ತು ಮೊದಲೇ ಗೊತ್ತಿತ್ತು, ಬೇಡ ಎನ್ನುವ ಅವಕಾಶವೂ ಇತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ‘ನನ್ನದೇ ಅಜಾಗ್ರತೆಯಿಂದ ನಿಮ್ಮ ವಸ್ತು ಹಾಳಾದರೆ ನಾನು ಹೊಣೆಯಲ್ಲ’ ಎಂಬ ಷರತ್ತು ನಿಲ್ಲುತ್ತದೆಯೇ? ಮದ್ರಾಸ್ ಹೈಕೋರ್ಟ್ ಆರು ದಶಕಗಳ ಹಿಂದೆಯೇ, ಗ್ರಾಹಕರ ಕಾಯ್ದೆ ಎಂಬುದು ಇನ್ನೂ ಹುಟ್ಟುವ ಮೊದಲೇ, ಇದಕ್ಕೆ ಇಲ್ಲ ಎಂದು ಉತ್ತರಿಸಿತ್ತು. ಲಾಂಡ್ರಿಗೆ ಕೊಟ್ಟ ಸೀರೆ ಕಳೆದಿತ್ತು. ರಶೀದಿಯ ಹಿಂಬದಿಯಲ್ಲಿ, ಕಳೆದ ಬಟ್ಟೆಗೆ ಮಾರುಕಟ್ಟೆ ಬೆಲೆಯ ಅರ್ಧ ಮಾತ್ರ ಕೊಡುತ್ತೇವೆ ಎಂದಿತ್ತು. ಆ ಷರತ್ತನ್ನು ಒಪ್ಪಿದರೆ ಲಾಂಡ್ರಿಯವರು ಹೊಸ ಸೀರೆಗಳನ್ನೆಲ್ಲ ಅರ್ಧ ಬೆಲೆಗೆ ತಮ್ಮದಾಗಿಸಿಕೊಳ್ಳಬಹುದು; ಅಜಾಗ್ರತೆಗೆ, ಅಷ್ಟೇಕೆ, ಅಪ್ರಾಮಾಣಿಕತೆಗೇ ಬಹುಮಾನ ಕೊಟ್ಟಂತಾಗುತ್ತದೆ. ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ನ್ಯಾಯಾಲಯ ಅದನ್ನು ಮಾನ್ಯ ಮಾಡಲಿಲ್ಲ.

ದೆಹಲಿಯ ತಾಜ್ ಮಹಲ್ ಹೋಟೆಲಿನ ಕಾರಿನ ಪ್ರಕರಣವೂ ಇದೇ ದಾರಿಯಲ್ಲಿದೆ. 1998ರ ಆಗಸ್ಟಿನ ಒಂದು ರಾತ್ರಿ ಅತಿಥಿಯೊಬ್ಬರು ಮಾರುತಿ ಝೆನ್ ಕಾರಿನ ಕೀಲಿಯನ್ನು ಹೋಟೆಲಿನ ಸಿಬ್ಬಂದಿಯ ಕೈಗಿತ್ತು ಒಳಹೋದರು. ಹೊರಬಂದಾಗ ಕಾರು ಇರಲಿಲ್ಲ. ಬೇರೊಬ್ಬ ವ್ಯಕ್ತಿ, ಸಿಬ್ಬಂದಿಯ ಮೇಜಿನ ಮೇಲಿದ್ದ ಕೀಲಿ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗಿದ್ದ. ‘ಕಾರು ಕಳೆದರೆ ಹೋಟೆಲು ಹೊಣೆಯಲ್ಲ’ ಎಂದು ಪಾರ್ಕಿಂಗ್ ಚೀಟಿಯಲ್ಲಿ ಅಚ್ಚಾಗಿತ್ತು. ಕೀಲಿ ಕೈಗೆ ಬಂದ ಮೇಲೆ ಕಾರನ್ನು ಕಾಯುವ ಕರ್ತವ್ಯ ಹೋಟೆಲಿನದು. ತನ್ನ ಅಜಾಗ್ರತೆಯಿಂದಾದ ನಷ್ಟವನ್ನು ಚೀಟಿಯ ಸಾಲಿನಿಂದ ಕಳಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ತೀರ್ಪಿತ್ತಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ಹಾವೇರಿ ಜಿಲ್ಲೆಯ ಚಿಕ್ಕೇರೂರಿನವರಾದ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್. 2021ರ ಫೆಬ್ರುವರಿಯಲ್ಲಿ ಬ್ಯಾಂಕ್ ಲಾಕರುಗಳ ಬಗ್ಗೆ ಬಂದ ತೀರ್ಪಿನ ಪೀಠದಲ್ಲೂ ಅವರಿದ್ದರು. ಲಾಕರಿನಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ, ಆದ್ದರಿಂದ ಹೊಣೆ ಇಲ್ಲ ಎಂದು ಬ್ಯಾಂಕುಗಳು ಕೈತೊಳೆದುಕೊಳ್ಳುವಂತಿಲ್ಲ ಎಂದಿತು ಆ ತೀರ್ಪು. ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಹಾಗೆ ಬಂದ ನಿಯಮದ ಪ್ರಕಾರ 2022ರ ಜನವರಿ 1ರಿಂದ, ಬೆಂಕಿ, ಕಳವು ಅಥವಾ ನೌಕರರ ವಂಚನೆಯಿಂದ ಲಾಕರಿನ ಸೊತ್ತು ಹೋದರೆ ಬ್ಯಾಂಕು ವಾರ್ಷಿಕ ಬಾಡಿಗೆಯ ನೂರು ಪಟ್ಟು ಕೊಡಬೇಕು. ದಶಕಗಳ ಕಾಲ ಅಚ್ಚಾಗಿದ್ದ ‘ಹೊಣೆಯಲ್ಲ’ ಎಂಬ ಸಾಲು ಒಂದು ತೀರ್ಪಿಗೆ ಉದುರಿತು.

ಈಗ ಮತ್ತೆ ಸೀರೆಯ ಬಿಲ್ಲಿಗೆ ಬರಬಹುದು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಂ ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡುತ್ತದೆ. ಬಿಲ್ಲು ಕೊಡದಿರುವುದು ಅದರಲ್ಲೊಂದು. ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದು ಇನ್ನೊಂದು. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಬರೆಯದಿದ್ದರೆ ಮೂವತ್ತು ದಿನಗಳೊಳಗೆ ಎಂದು ಕಾಯ್ದೆ ಹೇಳುತ್ತದೆ. ಈ ವಾಕ್ಯದ ರಚನೆಯನ್ನು ಗಮನವಿಟ್ಟು ನೋಡಬೇಕು. ಅವಧಿ ಎಷ್ಟು ಎಂದು ಬರೆಯುವ ಸ್ವಾತಂತ್ರ್ಯವನ್ನು ಕಾಯ್ದೆ ಅಂಗಡಿಯವರಿಗೆ ಕೊಟ್ಟಿದೆ. ವಾಪಸಾತಿಯೇ ಇಲ್ಲ ಎಂದು ಬರೆಯುವ ಸ್ವಾತಂತ್ರ್ಯವನ್ನು ಕೊಟ್ಟಿಲ್ಲ. ‘ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬುದು ಅವಧಿಯಲ್ಲ. ಆದ್ದರಿಂದ ಆ ಸಾಲಿನ ಬಿಲ್ಲಿಗೆ ಅವಧಿಯನ್ನೇ ಬರೆಯದ ಬಿಲ್ಲಿನ ಸ್ಥಾನ, ಮೂವತ್ತು ದಿನದ ನಿಯಮವೇ ಅನ್ವಯ ಎನ್ನುವುದು ನೇರವಾದ ಓದು. ಕಾಯ್ದೆಯೇ ತಪ್ಪೆಂದು ಹೆಸರಿಸಿದ ನಡವಳಿಕೆಯನ್ನು ಕರಾರಿನಿಂದ ಸರಿ ಮಾಡಿಕೊಳ್ಳಲು ಬಾರದು. ತೂಕದಲ್ಲಿ ಮೋಸ ಮಾಡಲು ಗಿರಾಕಿಯ ಒಪ್ಪಿಗೆ ಬರೆಸಿಕೊಂಡರೆ ಅದು ಹೇಗೆ ನಿಲ್ಲದೋ ಇದೂ ಹಾಗೆ.

ಇಲ್ಲಿ ಎದುರು ದಿಕ್ಕಿನ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಕೊಂಡದ್ದನ್ನೆಲ್ಲ ಕಾರಣವಿಲ್ಲದೆ ವಾಪಸ್ ಕೊಡಬಹುದು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಬಣ್ಣ ಅತ್ತೆಗೆ ಹಿಡಿಸಲಿಲ್ಲ, ಪಕ್ಕದ ಬೀದಿಯಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ಸಿಕ್ಕಿತು ಎಂಬುವು ದೋಷಗಳಲ್ಲ. ಅಂಥ ಸಂದರ್ಭದಲ್ಲಿ ಬದಲಿಸಿ ಕೊಡುವುದು ಅಂಗಡಿಯವರ ಔದಾರ್ಯ, ಬದಲಿಸುವುದಿಲ್ಲ ಎನ್ನುವುದು ಅವರ ಹಕ್ಕು. ಬಿಲ್ಲಿನ ಸಾಲು ‘ದೋಷವಿಲ್ಲದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದಿದ್ದರೆ ಅದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಹಾಗೆಯೇ ದೋಷ ಯಾವುದು, ಸ್ವಭಾವ ಯಾವುದು ಎಂಬುದನ್ನೂ ಬೇರ್ಪಡಿಸಬೇಕು. ನೈಸರ್ಗಿಕ ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ಮೊದಲ ಒಗೆತದಲ್ಲಿ ತುಸು ಬಣ್ಣ ಬಿಡಬಹುದು. ಮಾರುವ ಮುನ್ನವೇ ‘ಉಪ್ಪು ನೀರಿನಲ್ಲಿ ನೆನೆಸಿ, ಬೇರೆಯಾಗಿ ಒಗೆಯಿರಿ’ ಎಂದು ಹೇಳಿ ಮಾರಿದ ವ್ಯಾಪಾರಿ ಪ್ರಾಮಾಣಿಕರು. ಆ ಮಾತನ್ನು ಮೊದಲು ಹೇಳದೆ ‘ಬಣ್ಣಕ್ಕೆ ಗ್ಯಾರಂಟಿ ಇಲ್ಲ’ ಎಂಬ ಅಚ್ಚಿನ ಮರೆಯಲ್ಲಿ ನಿಂತವರಿಗೆ ಆ ರಕ್ಷಣೆ ಸಲ್ಲದು.

ಕಾನೂನು ಕಣ್ಣುಮುಚ್ಚಿ ಕೊಳ್ಳುವವರ ಪರ ನಿಂತಿದೆ ಎನ್ನುವುದೂ ತಪ್ಪು. ಹೋಟೆಲು, ರೆಸ್ಟೋರೆಂಟುಗಳು ನೀರಿನ ಬಾಟಲಿಗೆ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿತು. ಅಲ್ಲಿ ಮಾರುವುದು ಬಾಟಲಿಯೊಂದನ್ನೇ ಅಲ್ಲ, ಕೂರುವ ಜಾಗ, ಬಡಿಸುವ ಸೇವೆ ಎಲ್ಲ ಸೇರಿದೆ ಎಂಬುದು ಕಾರಣ. ಉತ್ಪನ್ನವನ್ನು ತಪ್ಪಾಗಿ ಬಳಸಿದ, ಬದಲಾಯಿಸಿದ ಗ್ರಾಹಕರಿಗೆ ಮಾರಿದವರಿಂದ ಉತ್ಪನ್ನ ಹೊಣೆಗಾರಿಕೆಯ ಪರಿಹಾರ ಸಿಗದು ಎಂದು 2019ರ ಕಾಯ್ದೆಯೇ ಬರೆದಿದೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಸಣ್ಣ ಅಂಗಡಿಯವರ ಪಾಡಿನದು. ಸೀರೆ ನೇಯ್ದವರು, ಬಣ್ಣ ಹಾಕಿದವರು ಬೇರೆ. ತಾಲ್ಲೂಕು ಕೇಂದ್ರದಲ್ಲಿ ಹತ್ತು ಅಡಿಯ ಮಳಿಗೆ ಇಟ್ಟವರು ಅವರ ತಪ್ಪಿಗೆ ಏಕೆ ತೆರಬೇಕು? ಇದು ಮನಸ್ಸಿಗೆ ತಟ್ಟುವ ಪ್ರಶ್ನೆ. ಆದರೆ ಆ ತಪ್ಪಿಗೆ ಅಂಗಡಿಯವರು ತೆರಬಾರದು ಎಂಬುದರಿಂದ ಕೊಂಡವರು ತೆರಬೇಕು ಎಂಬ ತೀರ್ಮಾನ ಹುಟ್ಟುವುದಿಲ್ಲ. ಇಬ್ಬರೂ ನಿರ್ದೋಷಿಗಳಾದಾಗ, ಆ ನಷ್ಟವನ್ನು ಅದರ ಮೂಲಕ್ಕೆ ಹಿಂದಿರುಗಿಸಲು ಯಾರಿಗೆ ಹೆಚ್ಚು ಸುಲಭ ಎಂದು ನೋಡಬೇಕು. ಸಗಟು ವ್ಯಾಪಾರಿಯ ವಿಳಾಸ, ಮುಂದಿನ ಆರ್ಡರು, ಬಾಕಿ ಲೆಕ್ಕ ಎಲ್ಲ ಅಂಗಡಿಯವರ ಕೈಯಲ್ಲಿದೆ. ಕೊಂಡವರ ಬಳಿ ಒಂದು ಚೀಟಿ ಮಾತ್ರ ಇದೆ. ಹಾಗೆಂದು ಇಲ್ಲಿ ಕಾಯ್ದೆಯ ಕೊರತೆಯನ್ನು ಮುಚ್ಚಿಡಬಾರದು. ಮರುಮಾರಾಟಕ್ಕೆ ಕೊಂಡವರು ಈ ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ಸಗಟು ವ್ಯಾಪಾರಿಯ ವಿರುದ್ಧ ಸಣ್ಣ ಅಂಗಡಿಯವರು 1930ರ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೇ ಹೋಗಬೇಕು. ಅವರಿಗೂ ಸುಲಭದ ದಾರಿ ಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಅದನ್ನು ಮೇಲಿನವರಲ್ಲಿ ಕೇಳಬೇಕೇ ಹೊರತು ಕೊಂಡವರ ಹಕ್ಕನ್ನು ಕತ್ತರಿಸಿ ತುಂಬಿಕೊಳ್ಳುವುದಲ್ಲ.

ಎರಡನೆಯ ಆಕ್ಷೇಪ ಬೆಲೆಯದು: ವಾಪಸಾತಿಯ ಖರ್ಚು ಬೆಲೆಗೇ ಸೇರುತ್ತದೆ, ಎಲ್ಲರೂ ಹೆಚ್ಚು ತೆರಬೇಕಾಗುತ್ತದೆ. ಸೇರುತ್ತದೆ, ನಿಜ. ಆದರೆ ಖರ್ಚು ಈಗಲೂ ಇದೆ. ನೂರು ಸೀರೆಯಲ್ಲಿ ಎರಡು ಕೆಟ್ಟಿದ್ದರೆ ಆ ಎರಡರ ಪೂರ್ತಿ ಬೆಲೆಯನ್ನು ಇಬ್ಬರು ಹೊರುತ್ತಿದ್ದಾರೆ. ಬೆಲೆಗೆ ಸೇರಿದಾಗ ಅದೇ ಖರ್ಚು ನೂರು ಜನರಿಗೆ ಹಂಚಿಹೋಗುತ್ತದೆ, ಕೆಟ್ಟ ಮಾಲು ತರಿಸುವ ಅಂಗಡಿಯ ಬೆಲೆ ಏರಿ ಒಳ್ಳೆಯ ಮಾಲು ತರಿಸುವ ಅಂಗಡಿಗೆ ಅನುಕೂಲವಾಗುತ್ತದೆ.

1996ರ ಕೊರಿಯರ್ ತೀರ್ಪನ್ನು ಏನು ಮಾಡುವುದು? ಅದನ್ನು ಕಡೆಗಣಿಸುವಂತಿಲ್ಲ, ಕಡೆಗಣಿಸುವ ಅಗತ್ಯವೂ ಇಲ್ಲ. ಅಲ್ಲಿ ಕಳಿಸಿದವರು ವ್ಯಾಪಾರಿಗಳು, ಲಕೋಟೆ ಕೊಡುವ ಹೊತ್ತಿಗೇ ಸಹಿ ಹಾಕಿದ್ದರು, ಷರತ್ತು ಹೊಣೆಯನ್ನು ಅಳಿಸದೆ ಮೊತ್ತಕ್ಕೆ ಮಿತಿ ಹಾಕಿತ್ತು. ಲಕೋಟೆಯೊಳಗಿನ ಕಾಗದದ ಮೌಲ್ಯ ಎಷ್ಟೆಂದು ಸಾಗಿಸುವವರಿಗೆ ಗೊತ್ತಾಗುವುದೂ ಕಷ್ಟ. ಮೊದಲ ಎರಡು ಪ್ರಶ್ನೆಗಳಿಗೆ ಅಲ್ಲಿ ಸಮಾಧಾನಕರ ಉತ್ತರವಿದೆ. ಆ ತೀರ್ಪಿನಿಂದ ಬಿಲ್ಲಿನ ಸಾಲಿಗೆ ಬಲ ತರಬೇಕಾದರೆ, ಬಿಲ್ಲಿಗೂ ಅಂಥದೇ ಉತ್ತರ ಇರಬೇಕು. ಅದು ಇಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದಾವುದೂ ಅಲ್ಲ: ಕಾಗದದ ಮೇಲಿನ ಹಕ್ಕು ಕೈಗೆ ಎಟುಕುವುದೇ ಎಂಬುದು. ತಾಜ್ ಹೋಟೆಲಿನ ಕಾರಿನ ವ್ಯಾಜ್ಯಕ್ಕೆ ತೆರೆಬಿದ್ದದ್ದು ಕಾರು ಕಳೆದ 21 ವರ್ಷಗಳ ಮೇಲೆ. ದೂರುಗಳು ಮೂರು ತಿಂಗಳಲ್ಲಿ, ಮಾಲಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕು ಎನ್ನುತ್ತದೆ ಕಾಯ್ದೆ. ಆದರೆ ಆಯೋಗಗಳ ಖಾಲಿ ಹುದ್ದೆಗಳ ವಿಷಯವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ಇದಕ್ಕಿಂತ ಗಂಭೀರವಾದ ತೊಡಕು ಕಾಯ್ದೆಯ ಒಳಗೇ ಇದೆ. ‘ನ್ಯಾಯವಲ್ಲದ ಕರಾರು’ ಎಂಬ ಹೊಸ ಪರಿಕಲ್ಪನೆಯನ್ನು 2019ರ ಕಾಯ್ದೆ ತಂದಿತು. ಅತಿಯಾದ ಠೇವಣಿ, ತಪ್ಪಿಗೆ ಮೀರಿದ ದಂಡ, ಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರು ರದ್ದುಪಡಿಸುವುದು ಮೊದಲಾದ ಆರು ಬಗೆಗಳನ್ನು ಹೆಸರಿಸಿತು. 1984ರಲ್ಲೇ ಕಾನೂನು ಆಯೋಗ ತನ್ನ 103ನೇ ವರದಿಯಲ್ಲಿ ನ್ಯಾಯವಲ್ಲದ ಷರತ್ತುಗಳ ವಿಷಯ ಎತ್ತಿತ್ತು. ಅದು ಕಾಯ್ದೆಯ ಪುಟಕ್ಕೆ ಬರಲು 35 ವರ್ಷ ಹಿಡಿಯಿತು. ಬಂದ ಮೇಲೂ ಇಂಥ ದೂರನ್ನು ಕೇಳುವ ಅಧಿಕಾರವನ್ನು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಕೊಡಲಾಗಿದೆ. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರನ್ನು ಕೇಳಬಲ್ಲ ಜಿಲ್ಲಾ ಆಯೋಗಕ್ಕೆ, ಎಂಟು ಸಾವಿರ ರೂಪಾಯಿಯ ಕೋಚಿಂಗ್ ಸೆಂಟರಿನ ಒರಟು ಕರಾರನ್ನು ನ್ಯಾಯವಲ್ಲ ಎಂದು ಆ ಹೆಸರಿನಲ್ಲಿ ಹೇಳುವ ಅಧಿಕಾರವಿಲ್ಲ. ಮೊತ್ತ ಚಿಕ್ಕದಾದಷ್ಟೂ ಬಾಗಿಲು ದೂರ ಎಂಬ ಈ ವ್ಯವಸ್ಥೆಗೆ ಸಮರ್ಥನೆ ಇಲ್ಲ.

ಹಾಗೆಂದು ಸಿಗುವ ದಾರಿಯನ್ನು ಬಿಡಬೇಕಾಗಿಲ್ಲ. ದೋಷವಿರುವ ಮಾಲನ್ನು ವಾಪಸ್ ಪಡೆಯದ ಅನುಚಿತ ವ್ಯಾಪಾರ ಪದ್ಧತಿಯ ದೂರು ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ದೂರನ್ನು ಅಂಗಡಿ ಇರುವ ಊರಿನಲ್ಲೇ ಕೊಡಬೇಕೆಂದಿಲ್ಲ, ಗ್ರಾಹಕರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೂ ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಮೊದಲು ರಾಜಿಗೆ ಯತ್ನಿಸುತ್ತದೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಈಗಿನ ಬಹುಪಾಲು ಬಿಲ್ಲುಗಳು ಬಿಸಿಯಿಂದ ಅಕ್ಷರ ಮೂಡುವ ನುಣುಪು ಕಾಗದದವು. ಬೀರುವಿನಲ್ಲಿಟ್ಟರೂ ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿ ಉಳಿಯಬಹುದು. ದೂರು ಕೊಡುವ ಎರಡು ವರ್ಷದ ಹಕ್ಕು ಇನ್ನೂ ಬದುಕಿರುವಾಗಲೇ ಸಾಕ್ಷ್ಯ ಅಳಿಸಿಹೋಗಿರಬಹುದು. ಕೊಂಡ ದಿನವೇ ಬಿಲ್ಲಿನ ಫೋಟೊ ತೆಗೆದಿಡಬೇಕು. ದೋಷ ಕಂಡಾಗ ಮೂವತ್ತು ದಿನದೊಳಗೆ ಅಂಗಡಿಯವರಿಗೆ ಬರಹದಲ್ಲಿ, ವಾಟ್ಸ್‌ಆಪ್ ಸಂದೇಶವಾದರೂ ಸರಿ, ತಿಳಿಸಬೇಕು.

ಒಬ್ಬೊಬ್ಬರೇ ಒಂದೊಂದು ಸೀರೆಗಾಗಿ ಆಯೋಗದ ಮೆಟ್ಟಿಲು ಹತ್ತಿ ಈ ಸಾಲನ್ನು ಬಿಲ್ಲಿನಿಂದ ಅಳಿಸಲು ಆಗದು. ಅದಕ್ಕಾಗಿಯೇ ಕೇಂದ್ರ ಪ್ರಾಧಿಕಾರವನ್ನು ರಚಿಸಿದ್ದು. ಗ್ರಾಹಕರ ಇಡೀ ವರ್ಗಕ್ಕೆ ಆಗುವ ಅನ್ಯಾಯವನ್ನು ತಾನಾಗಿಯೇ ತಡೆಯುವ ಅಧಿಕಾರ ಅದಕ್ಕಿದೆ. ಸೇವಾ ಶುಲ್ಕದ ವಿಷಯದಲ್ಲಿ ಅದು ಆ ಅಧಿಕಾರವನ್ನು ಬಳಸಿ, ನ್ಯಾಯಾಲಯದಲ್ಲಿ ಸಮರ್ಥಿಸಿಯೂ ಕೊಂಡಿದೆ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲನ್ನು ಬಿಲ್ಲುಗಳಲ್ಲಿ ಮುದ್ರಿಸುವುದನ್ನು ನಿಷೇಧಿಸಿ, ಆ ಜಾಗದಲ್ಲಿ ದೋಷವಿರುವ ಮಾಲಿನ ವಾಪಸಾತಿಗೆ ಎಷ್ಟು ದಿನ ಎಂದು ಬರೆಯುವುದನ್ನು ಕಡ್ಡಾಯ ಮಾಡಿ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಬೇಕು. ನ್ಯಾಯವಲ್ಲದ ಕರಾರುಗಳ ದೂರು ಕೇಳುವ ಅಧಿಕಾರವನ್ನು ಸಂಸತ್ತು ಜಿಲ್ಲಾ ಆಯೋಗಗಳಿಗೂ ಕೊಡಬೇಕು.